ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ

ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ (ಜೂನ್ 24, 1911 – ಜುಲೈ 17, 1995) ಅರ್ಜೆಂಟೀನಾ ದೇಶದ ಪ್ರಸಿದ್ಧ ಕಾರು ಓಟಗಾರರು. ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ದಶಕದಲ್ಲಿ ಅವರು ಐದು ಬಾರಿ, ಅಂದರೆ 1951, 1954, 1955, 1956 ಮತ್ತು 1957ರಲ್ಲಿ, ವಿಶ್ವ ಚಾಂಪಿಯನ್ ಆದರು. ಈ ದಾಖಲೆ 2003ರವರೆಗೂ ಉಳಿದಿತ್ತು. ಆ ವರ್ಷ ಜರ್ಮನಿಯ ಮೈಕೆಲ್ ಶೂಮಾಕರ್ ಆರನೆಯ ಬಾರಿ ಚಾಂಪಿಯನ್ ಆಗಿ ಅದನ್ನು ಮೀರಿದರು. ಆದರೆ ಆಲ್ಫಾ ರೋಮಿಯೊ, ಮರ್ಸಿಡಿಸ್-ಬೆಂಜ್, ಫೆರಾರಿ ಮತ್ತು ಮಾಸೆರಾಟಿ ಎಂಬ ನಾಲ್ಕು ಬೇರೆ ಬೇರೆ ತಯಾರಕರ ಕಾರುಗಳಲ್ಲಿ ವಿಶ್ವ ಚಾಂಪಿಯನ್ ಆದವರು ಫ್ಯಾಂಜಿಯೊ ಒಬ್ಬರೇ.

ಕಾರು ಓಟದಲ್ಲಿ ಗೆಲ್ಲುವುದು ಕಾರೋ ಚಾಲಕನೋ ಎಂಬ ಪ್ರಶ್ನೆ ಈ ಕ್ರೀಡೆಯಷ್ಟೇ ಹಳೆಯದು. ಒಬ್ಬ ಚಾಲಕ ಒಂದೇ ತಂಡದಲ್ಲಿದ್ದು ಗೆಲ್ಲುತ್ತಾ ಹೋದರೆ ಆ ಗೆಲುವಿನಲ್ಲಿ ಎಂಜಿನ್ನಿನ ಪಾಲೆಷ್ಟು, ಕೈಚಳಕದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಫ್ಯಾಂಜಿಯೊ ತಂಡದಿಂದ ತಂಡಕ್ಕೆ ಹೋದರು. ಪ್ರತಿ ತಂಡದಲ್ಲೂ ಅದೇ ಮಾದರಿಯ ಕಾರನ್ನು ಓಡಿಸುತ್ತಿದ್ದ ಸಮರ್ಥ ಜೊತೆಗಾರರು ಅವರಿಗಿದ್ದರು. ಆದ್ದರಿಂದ ಕಾರಿನ ಬಲವನ್ನೂ ಚಾಲಕನ ಕೌಶಲವನ್ನೂ ಹೋಲಿಸಿ ನೋಡುವವರು ಇಂದಿಗೂ ಅವರ ಜೀವನವನ್ನು ಮೊದಲ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ.

ಜನನ ಮತ್ತು ಬಾಲ್ಯ

ಫ್ಯಾಂಜಿಯೊ ಹುಟ್ಟಿದ್ದು ಬ್ಯೂನಸ್ ಐರಿಸ್ ಪ್ರಾಂತ್ಯದ ಬಾಲ್ಕಾರ್ಸೆ ಎಂಬ ಸಣ್ಣ ಪಟ್ಟಣದಲ್ಲಿ. ಅದು ಆಲೂಗಡ್ಡೆ ಬೆಳೆಗೆ ಹೆಸರಾದ ಕೃಷಿ ಪ್ರದೇಶ. ಅವರ ಕುಟುಂಬ ಇಟಲಿಯಿಂದ ವಲಸೆ ಬಂದದ್ದು. ತಂದೆ ಲೊರೆಟೊ ಕಟ್ಟಡ ಕೆಲಸದ ಕುಶಲಕರ್ಮಿ, ತಾಯಿ ಹರ್ಮಿನಿಯಾ. ಆರು ಮಕ್ಕಳಲ್ಲಿ ಹುವಾನ್ ನಾಲ್ಕನೆಯವರು.

ಎಳೆಯ ವಯಸ್ಸಿನಲ್ಲೇ ಶಾಲೆ ಬಿಟ್ಟು ಅವರು ಕಾರು ದುರಸ್ತಿಯ ಗ್ಯಾರೇಜುಗಳಲ್ಲಿ ಕೆಲಸಕ್ಕೆ ಸೇರಿದರು. ಫುಟ್‌ಬಾಲ್ ಆಟದಲ್ಲೂ ಅವರು ಚುರುಕಾಗಿದ್ದರು. ಕಾಲು ಬಾಗಿಸಿ ಚೆಂಡನ್ನು ಒದೆಯುತ್ತಿದ್ದುದರಿಂದ ಗೆಳೆಯರು ಸೊಟ್ಟಗಾಲಿನವನು ಎಂಬ ಅರ್ಥದ ಅಡ್ಡಹೆಸರಿಟ್ಟರು. ಅದು ಕೊನೆಯವರೆಗೂ ಉಳಿಯಿತು. ಯೌವನದಲ್ಲಿ ತೀವ್ರ ನ್ಯುಮೋನಿಯಾ ತಗುಲಿ ಬಹುಕಾಲ ಹಾಸಿಗೆ ಹಿಡಿದಿದ್ದರು. ಕಡ್ಡಾಯ ಸೇನಾ ಸೇವೆಯನ್ನು ಮುಗಿಸಿ ಊರಿಗೆ ಮರಳಿದ ಬಳಿಕ ಗೆಳೆಯರೊಂದಿಗೆ ಸೇರಿ ಸ್ವಂತ ಗ್ಯಾರೇಜು ತೆರೆದರು. ಕಾರಿನ ಒಳಭಾಗಗಳನ್ನು ಬಿಚ್ಚಿ ಜೋಡಿಸುತ್ತಾ ಕಳೆದ ಈ ವರ್ಷಗಳೇ ಮುಂದೆ ಅವರ ಚಾಲನೆಯ ತಳಹದಿಯಾದವು.

ಹೆದ್ದಾರಿ ಓಟಗಳು

1936ರಲ್ಲಿ ಫ್ಯಾಂಜಿಯೊ ಮೊದಲ ಬಾರಿಗೆ ಓಟದಲ್ಲಿ ಪಾಲ್ಗೊಂಡರು. ಕಾರು ಬಾಡಿಗೆಗೆ ಓಡುತ್ತಿದ್ದ ಒಂದು ಫೋರ್ಡ್ ಟ್ಯಾಕ್ಸಿ. ಮನೆಯವರಿಗೆ ತಿಳಿಯಬಾರದೆಂದು ರಿವಡಾವಿಯಾ ಎಂಬ ಬೇರೆ ಹೆಸರಿನಲ್ಲಿ ಸ್ಪರ್ಧಿಸಿದ್ದರು.

ಆ ಕಾಲದಲ್ಲಿ ಅರ್ಜೆಂಟೀನಾದಲ್ಲಿ ಜನಪ್ರಿಯವಾಗಿದ್ದುದು ಸಾರ್ವಜನಿಕ ರಸ್ತೆಗಳಲ್ಲಿ ನಡೆಯುತ್ತಿದ್ದ ದೂರದ ಓಟಗಳು. ಸಾಮಾನ್ಯ ಕಾರುಗಳನ್ನೇ ಬದಲಾಯಿಸಿ ಬಲಪಡಿಸಿ ಓಡಿಸುತ್ತಿದ್ದರು. ಮಣ್ಣು ರಸ್ತೆ, ಹಳ್ಳಕೊಳ್ಳ, ಆಂಡೀಸ್ ಪರ್ವತದ ಕಡಿದಾದ ದಾರಿಗಳನ್ನು ದಾಟಬೇಕಿತ್ತು. ದಾರಿಯಲ್ಲಿ ಕಾರು ಕೆಟ್ಟರೆ ಚಾಲಕ ಮತ್ತು ಅವನ ಜೊತೆಗಾರನೇ ಸರಿಪಡಿಸಿಕೊಳ್ಳಬೇಕಿತ್ತು. ಫ್ಯಾಂಜಿಯೊ ಅವರಿಗೆ ಕಾರು ಕೊಳ್ಳಲು ಬಾಲ್ಕಾರ್ಸೆಯ ಜನ ಹಣ ಕೂಡಿಸಿಕೊಟ್ಟರು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರು ದೇಶದ ಲಿಮಾಕ್ಕೆ ಹೋಗಿ ಮರಳುವ ಸುಮಾರು 9,500 ಕಿಲೋಮೀಟರ್‌ಗಳ ಓಟವನ್ನು ಅವರು ಷೆವ್ರೊಲೆ ಕಾರಿನಲ್ಲಿ ಗೆದ್ದರು. 1940 ಮತ್ತು 1941ರಲ್ಲಿ ರಾಷ್ಟ್ರೀಯ ಹೆದ್ದಾರಿ ಓಟದ ಚಾಂಪಿಯನ್ ಆದರು.

ಕಾರನ್ನು ಬಳಲಿಸದೆ ದೂರ ಸಾಗಿಸುವ ಕಲೆ ಅವರಿಗೆ ಸಿದ್ಧಿಸಿದ್ದು ಈ ಓಟಗಳಲ್ಲಿ. ಎಂಜಿನ್ನಿನ ಸದ್ದು ಬದಲಾದರೆ ಕೆಡುಕು ಎಲ್ಲಿದೆ ಎಂದು ಊಹಿಸುವುದು, ಬ್ರೇಕು ಮತ್ತು ಟೈರುಗಳನ್ನು ಕೊನೆಯ ಹಂತಕ್ಕೆ ಉಳಿಸಿಕೊಳ್ಳುವುದು ಅವರ ಅಭ್ಯಾಸವಾಯಿತು.

ಎರಡನೆಯ ಮಹಾಯುದ್ಧದ ಕಾರಣ 1942ರಿಂದ ಓಟಗಳು ನಿಂತವು. 1947ರಲ್ಲಿ ಅವು ಮತ್ತೆ ಆರಂಭವಾಗುವಾಗ ಅವರಿಗೆ 36 ವರ್ಷ ಸಮೀಪಿಸಿತ್ತು. 1948ರಲ್ಲಿ ಬ್ಯೂನಸ್ ಐರಿಸ್‌ನಿಂದ ವೆನೆಜುವೆಲಾದ ಕರಾಕಸ್‌ವರೆಗಿನ ಓಟದಲ್ಲಿ ಪೆರುವಿನ ರಸ್ತೆಯೊಂದರಲ್ಲಿ ಅವರ ಕಾರು ಉರುಳಿತು. ಜೊತೆಯಲ್ಲಿದ್ದ ಗೆಳೆಯ ಡೇನಿಯಲ್ ಉರುಟಿಯಾ ಸಾವನ್ನಪ್ಪಿದರು. ಈ ದುಃಖದಲ್ಲಿ ಫ್ಯಾಂಜಿಯೊ ಓಟವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದರು.

ಯುರೋಪಿನಲ್ಲಿ ಮೊದಲ ಹೆಜ್ಜೆಗಳು

1948ರಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಸಿಮ್ಕಾ-ಗೊರ್ಡಿನಿ ಕಾರಿನಲ್ಲಿ ಓಡಿದ್ದು ಯುರೋಪಿನಲ್ಲಿ ಅವರ ಮೊದಲ ಓಟ. ಮರುವರ್ಷ ಅರ್ಜೆಂಟೀನಾದ ಆಟೊಮೊಬೈಲ್ ಕ್ಲಬ್ ಮತ್ತು ಹುವಾನ್ ಪೆರೋನ್ ಸರ್ಕಾರದ ನೆರವಿನಿಂದ ಮಾಸೆರಾಟಿ ಕಾರು ದೊರೆಯಿತು. 1949ರ ಋತುವಿನಲ್ಲಿ ಸ್ಯಾನ್ ರೆಮೊ, ಪೊ, ಪರ್ಪಿನ್ಯಾನ್, ಮಾರ್ಸೇಲ್ಸ್, ಮೊಂಜಾ ಮತ್ತು ಆಲ್ಬಿಗಳಲ್ಲಿ ಗೆದ್ದರು. ಯುರೋಪಿನ ಪ್ರಮುಖ ತಂಡಗಳ ಗಮನ ಅವರತ್ತ ಹರಿಯಿತು. ಬಹುತೇಕ ಚಾಲಕರು ನಿವೃತ್ತಿಯ ಬಗ್ಗೆ ಯೋಚಿಸುವ 38ರ ವಯಸ್ಸಿನಲ್ಲಿ ಅವರ ಮುಖ್ಯ ವೃತ್ತಿಜೀವನ ಆರಂಭವಾಗುತ್ತಿತ್ತು.

ಆಲ್ಫಾ ರೋಮಿಯೊ (1950–1951)

ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ಓಟ 1950ರ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ನಡೆಯಿತು. ಆ ವರ್ಷ ಆಲ್ಫಾ ರೋಮಿಯೊ 158 ಕಾರಿಗೆ ಸಾಟಿಯೇ ಇರಲಿಲ್ಲ. ಯುದ್ಧಕ್ಕೆ ಮುನ್ನವೇ ರೂಪುಗೊಂಡಿದ್ದ ಈ ಕಾರಿನಲ್ಲಿ ಎಂಟು ಸಿಲಿಂಡರುಗಳ, ಸೂಪರ್‌ಚಾರ್ಜರ್ ಅಳವಡಿಸಿದ 1.5 ಲೀಟರ್ ಎಂಜಿನ್ ಇತ್ತು. ಇಂಡಿಯಾನಾಪೊಲಿಸ್ ಓಟವೊಂದನ್ನು ಬಿಟ್ಟು ಉಳಿದ ಆರೂ ಓಟಗಳನ್ನು ಆಲ್ಫಾ ರೋಮಿಯೊ ಗೆದ್ದಿತು. ಜುಸೆಪ್ಪೆ ಫರೀನಾ ಮೂರನ್ನು, ಫ್ಯಾಂಜಿಯೊ ಮೂರನ್ನು ಗೆದ್ದರು. ಫರೀನಾ 30 ಅಂಕ ಪಡೆದು ಮೊದಲ ವಿಶ್ವ ಚಾಂಪಿಯನ್ ಆದರು. ಫ್ಯಾಂಜಿಯೊ 27 ಅಂಕಗಳೊಂದಿಗೆ ಎರಡನೆಯವರಾದರು.

ಆ ವರ್ಷದ ಮೊನಾಕೊ ಓಟ ಫ್ಯಾಂಜಿಯೊ ಅವರ ಗಮನಶಕ್ತಿಗೆ ಸಾಕ್ಷಿಯಾಗಿದೆ. ಮೊದಲ ಸುತ್ತಿನಲ್ಲೇ ಅವರ ಹಿಂದಿದ್ದ ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ರಸ್ತೆ ಮುಚ್ಚಿಹೋಗಿತ್ತು. ಮುಂದಿದ್ದ ಫ್ಯಾಂಜಿಯೊ ಅವರಿಗೆ ಇದು ತಿಳಿದಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಆ ತಿರುವನ್ನು ಸಮೀಪಿಸುವಾಗ, ಪ್ರೇಕ್ಷಕರ ಮುಖಗಳು ತಮ್ಮ ಕಡೆಗಲ್ಲದೆ ಬೇರೆಡೆಗೆ ತಿರುಗಿರುವುದನ್ನು ಅವರು ಗಮನಿಸಿದರು. ಓಟದಲ್ಲಿ ಮುಂದಿರುವವನನ್ನು ಜನ ನೋಡುತ್ತಿಲ್ಲವೆಂದರೆ ಮುಂದೆ ಏನೋ ಅಪಾಯವಿದೆ ಎಂದು ಊಹಿಸಿ ಬ್ರೇಕು ಹಾಕಿದರು. ಅಪಘಾತದ ಸ್ಥಳವನ್ನು ನಿಧಾನವಾಗಿ ದಾಟಿ ಓಟವನ್ನು ಗೆದ್ದರು. ಇಂತಹ ಗೆಲುವನ್ನು ಎಂಜಿನ್ನಿನ ಅಶ್ವಶಕ್ತಿಯಿಂದ ವಿವರಿಸಲಾಗದು.

1951ರಲ್ಲಿ ಫೆರಾರಿ ತಂಡ ಸೂಪರ್‌ಚಾರ್ಜರ್ ಇಲ್ಲದ 4.5 ಲೀಟರ್ ಎಂಜಿನ್ನಿನ ಕಾರನ್ನು ತಂದಿತು. ಆಲ್ಫಾದ ಕಾರು ಹೆಚ್ಚು ಶಕ್ತಿಯುತವಾಗಿದ್ದರೂ ಇಂಧನವನ್ನು ಬಹಳ ಕುಡಿಯುತ್ತಿತ್ತು. ಫೆರಾರಿಗೆ ಇಂಧನಕ್ಕಾಗಿ ನಿಲ್ಲುವ ಅಗತ್ಯ ಕಡಿಮೆಯಿತ್ತು. ಬ್ರಿಟಿಷ್ ಗ್ರ್ಯಾನ್ ಪ್ರಿಯಲ್ಲಿ ಅರ್ಜೆಂಟೀನಾದವರೇ ಆದ ಹೊಸೆ ಫ್ರೊಯ್ಲಾನ್ ಗೊನ್ಸಾಲೆಸ್ ಫೆರಾರಿಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆಲುವನ್ನು ತಂದುಕೊಟ್ಟರು. ಚಾಂಪಿಯನ್ ಯಾರೆಂಬುದು ಸ್ಪೇನಿನ ಕೊನೆಯ ಓಟದಲ್ಲಿ ನಿರ್ಧಾರವಾಗಬೇಕಿತ್ತು. ಅಲ್ಲಿ ಫೆರಾರಿ ತಂಡ ಸಣ್ಣ ಚಕ್ರಗಳನ್ನು ಆಯ್ದುಕೊಂಡು ತಪ್ಪು ಮಾಡಿತು. ಅದರ ಟೈರುಗಳು ಹರಿದುಹೋದವು. ಫ್ಯಾಂಜಿಯೊ ಗೆದ್ದು ಮೊದಲ ಬಾರಿಗೆ ವಿಶ್ವ ಚಾಂಪಿಯನ್ ಆದರು.

ಅಪಘಾತ ಮತ್ತು ಚೇತರಿಕೆ (1952–1953)

1952ರಲ್ಲಿ ಆಲ್ಫಾ ರೋಮಿಯೊ ಕಣದಿಂದ ಹಿಂದೆ ಸರಿಯಿತು. ಆ ವರ್ಷದ ಜೂನ್‌ನಲ್ಲಿ ಉತ್ತರ ಐರ್ಲೆಂಡಿನಲ್ಲಿ ಓಟವೊಂದನ್ನು ಮುಗಿಸಿದ ಫ್ಯಾಂಜಿಯೊ ಮರುದಿನ ಇಟಲಿಯ ಮೊಂಜಾದಲ್ಲಿ ಮಾಸೆರಾಟಿ ಕಾರು ಓಡಿಸಬೇಕಿತ್ತು. ಹವಾಮಾನ ಕೆಟ್ಟು ವಿಮಾನ ಸಿಗದೆ ಪ್ಯಾರಿಸ್‌ನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು, ಓಟ ಆರಂಭವಾಗಲು ಸ್ವಲ್ಪವೇ ಹೊತ್ತಿರುವಾಗ ಮೊಂಜಾ ತಲುಪಿದರು. ನಿದ್ರೆಯಿಲ್ಲದೆ ಬಳಲಿದ್ದ ಅವರು ಎರಡನೆಯ ಸುತ್ತಿನಲ್ಲೇ ನಿಯಂತ್ರಣ ತಪ್ಪಿ ಕಾರಿನಿಂದ ಹೊರಗೆಸೆಯಲ್ಪಟ್ಟರು. ಕತ್ತಿನ ಮೂಳೆ ಮುರಿದು ಆ ವರ್ಷದ ಉಳಿದ ಓಟಗಳನ್ನು ಕಳೆದುಕೊಂಡರು. ಆ ಬಳಿಕ ಕತ್ತನ್ನು ಮೊದಲಿನಂತೆ ಸುಲಭವಾಗಿ ತಿರುಗಿಸಲು ಅವರಿಗಾಗಲಿಲ್ಲ.

ಆ ಅವಧಿಯಲ್ಲಿ ಫೆರಾರಿಯ ಆಲ್ಬೆರ್ಟೊ ಅಸ್ಕಾರಿ ಸತತ ಎರಡು ವರ್ಷ ಚಾಂಪಿಯನ್ ಆದರು. ಆ ಕಾಲದಲ್ಲಿ ಕೌಶಲದಲ್ಲಿ ಫ್ಯಾಂಜಿಯೊ ಅವರಿಗೆ ಸರಿಸಮಾನರೆಂದು ಹಲವರು ಎಣಿಸಿದ್ದುದು ಅಸ್ಕಾರಿಯವರನ್ನೇ. 1953ರಲ್ಲಿ ಮಾಸೆರಾಟಿಯೊಂದಿಗೆ ಮರಳಿದ ಫ್ಯಾಂಜಿಯೊ ಮೊಂಜಾದಲ್ಲಿ ಗೆದ್ದು ಅಂಕಪಟ್ಟಿಯಲ್ಲಿ ಎರಡನೆಯವರಾದರು. ಅದೇ ವರ್ಷ ಮೆಕ್ಸಿಕೊದ ಕರೇರಾ ಪಾನಮೆರಿಕಾನಾ ರಸ್ತೆ ಓಟವನ್ನು ಲಾನ್ಸಿಯಾ ಕಾರಿನಲ್ಲಿ ಗೆದ್ದರು.

ಮರ್ಸಿಡಿಸ್-ಬೆಂಜ್ (1954–1955)

1954ರಲ್ಲಿ ಜರ್ಮನಿಯ ಮರ್ಸಿಡಿಸ್-ಬೆಂಜ್ ಗ್ರ್ಯಾನ್ ಪ್ರಿ ಓಟಗಳಿಗೆ ಮರಳಿತು. ತಂಡದ ವ್ಯವಸ್ಥಾಪಕ ಆಲ್ಫ್ರೆಡ್ ನಾಯ್‌ಬವರ್ ಮುಖ್ಯ ಚಾಲಕರಾಗಿ ಫ್ಯಾಂಜಿಯೊ ಅವರನ್ನು ಆರಿಸಿಕೊಂಡರು. ಹೊಸ ಕಾರು ಜುಲೈವರೆಗೆ ಸಿದ್ಧವಾಗಲಿಲ್ಲವಾದ್ದರಿಂದ ಅವರು ಮೊದಲ ಎರಡು ಓಟಗಳನ್ನು ಮಾಸೆರಾಟಿ 250ಎಫ್ ಕಾರಿನಲ್ಲಿ ಓಡಿ ಎರಡನ್ನೂ ಗೆದ್ದರು. ಬಳಿಕ ಮರ್ಸಿಡಿಸ್‌ನ ಡಬ್ಲ್ಯು 196 ಕಾರಿಗೆ ಬಂದು ನಾಲ್ಕು ಓಟಗಳನ್ನು ಗೆದ್ದು ಎರಡನೆಯ ಬಾರಿ ಚಾಂಪಿಯನ್ ಆದರು.

ಡಬ್ಲ್ಯು 196 ಅಂದಿನ ತಂತ್ರಜ್ಞಾನದ ಶಿಖರ. 2.5 ಲೀಟರ್‌ನ ಎಂಟು ಸಿಲಿಂಡರ್ ಎಂಜಿನ್ನಿಗೆ ಇಂಧನವನ್ನು ನೇರವಾಗಿ ಸಿಂಪಡಿಸುವ ವ್ಯವಸ್ಥೆಯಿತ್ತು. ರೀಮ್ಸ್‌ನ ಉದ್ದನೆಯ ನೇರ ರಸ್ತೆಗಳಿಗಾಗಿ ಚಕ್ರಗಳನ್ನೂ ಮುಚ್ಚುವ ನಯವಾದ ಹೊರಕವಚವನ್ನು ರೂಪಿಸಲಾಗಿತ್ತು. ಆದರೆ ಅದೇ ಕವಚ ಸಿಲ್ವರ್‌ಸ್ಟೋನ್‌ನಲ್ಲಿ ತೊಡಕಾಯಿತು. ಮುಂದಿನ ಚಕ್ರಗಳು ಕಾಣದೆ ಫ್ಯಾಂಜಿಯೊ ಪಥದ ಅಂಚಿನಲ್ಲಿಟ್ಟಿದ್ದ ಪೀಪಾಯಿಗಳಿಗೆ ತಾಗಿಸಿ ನಾಲ್ಕನೆಯವರಾಗಿ ಮುಗಿಸಿದರು. ಅತ್ಯುತ್ತಮ ಕಾರೂ ಎಲ್ಲ ಪಥಗಳಿಗೆ ಒಗ್ಗುವುದಿಲ್ಲ ಎಂಬುದು ಅಂದು ಸ್ಪಷ್ಟವಾಯಿತು. ಮುಂದಿನ ಜರ್ಮನ್ ಓಟಕ್ಕೆ ಚಕ್ರಗಳು ತೆರೆದಿರುವ ಕಾರನ್ನು ಸಿದ್ಧಪಡಿಸಲಾಯಿತು. ಆ ಓಟದ ಅಭ್ಯಾಸದಲ್ಲಿ ಫ್ಯಾಂಜಿಯೊ ತಮ್ಮನಂತೆ ಕಾಣುತ್ತಿದ್ದ ಯುವ ಅರ್ಜೆಂಟೀನಿಯನ್ ಚಾಲಕ ಒನೊಫ್ರೆ ಮರಿಮೊನ್ ಮೃತಪಟ್ಟರು. ಆ ನೋವಿನಲ್ಲೇ ಫ್ಯಾಂಜಿಯೊ ಓಟವನ್ನು ಗೆದ್ದರು.

1955ರಲ್ಲಿ ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಅದೇ ತಂಡಕ್ಕೆ ಸೇರಿದರು. ಮಾಸ್ ಅವರಿಗೆ ಆಗ 25 ವರ್ಷ, ಫ್ಯಾಂಜಿಯೊ ಅವರಿಗೆ 43. ಒಂದೇ ಮಾದರಿಯ ಕಾರಿನಲ್ಲಿ ಇಬ್ಬರು ಶ್ರೇಷ್ಠರು ಓಡಿದ ಈ ಋತುವಿನಲ್ಲಿ ಫ್ಯಾಂಜಿಯೊ ನಾಲ್ಕು ಗ್ರ್ಯಾನ್ ಪ್ರಿಗಳನ್ನು, ಮಾಸ್ ಒಂದನ್ನು ಗೆದ್ದರು. ಹಲವು ಓಟಗಳಲ್ಲಿ ಮಾಸ್ ಫ್ಯಾಂಜಿಯೊ ಅವರ ಬೆನ್ನಿಗೇ ಅಂಟಿಕೊಂಡು ಸಾಗಿ ಅವರ ಚಾಲನೆಯನ್ನು ಕಲಿತರು. ಏಕಾಸನದ ಗ್ರ್ಯಾನ್ ಪ್ರಿ ಕಾರುಗಳಲ್ಲಿ ಫ್ಯಾಂಜಿಯೊ ತಮಗಿಂತ ಮೇಲು ಎಂದು ಮಾಸ್ ಜೀವನವಿಡೀ ಒಪ್ಪಿಕೊಂಡಿದ್ದರು. ಆದರೆ ಕ್ರೀಡಾಕಾರುಗಳ ಓಟದಲ್ಲಿ ಮಾಸ್ ಮುಂದಿದ್ದರು. ಆ ವರ್ಷ ಇಟಲಿಯ ಮಿಲ್ಲೆ ಮಿಲಿಯಾ ರಸ್ತೆ ಓಟವನ್ನು ಮಾಸ್ ಗೆದ್ದರು. ಒಬ್ಬರೇ ಓಡಿದ ಫ್ಯಾಂಜಿಯೊ ಎರಡನೆಯವರಾದರು. ಕೌಶಲವೂ ಒಂದೇ ಅಳತೆಗೋಲಿಗೆ ಸಿಗುವಂಥದ್ದಲ್ಲ ಎಂಬುದಕ್ಕೆ ಇದು ನಿದರ್ಶನ.

ಅದೇ ವರ್ಷದ ಜನವರಿಯಲ್ಲಿ ಬ್ಯೂನಸ್ ಐರಿಸ್‌ನ ಓಟ ವಿಪರೀತ ಬಿಸಿಲಿನಲ್ಲಿ ಮೂರು ಗಂಟೆಗಳ ಕಾಲ ನಡೆಯಿತು. ಹೆಚ್ಚಿನ ಚಾಲಕರು ಸೆಖೆ ತಾಳದೆ ಕಾರನ್ನು ಇನ್ನೊಬ್ಬರಿಗೆ ಒಪ್ಪಿಸಿದರು. ಬದಲಿಯಿಲ್ಲದೆ ಓಟ ಮುಗಿಸಿದವರು ಫ್ಯಾಂಜಿಯೊ ಮತ್ತು ಅವರ ದೇಶದವರೇ ಆದ ರೊಬೆರ್ಟೊ ಮಿಯೆರೆಸ್ ಇಬ್ಬರೇ. ಫ್ಯಾಂಜಿಯೊ ಗೆದ್ದರು.

1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ ಓಟದಲ್ಲಿ ಮರ್ಸಿಡಿಸ್‌ನ ಪಿಯರ್ ಲವೆ ಅವರ ಕಾರು ಮುಂದಿದ್ದ ಕಾರಿಗೆ ತಾಗಿ ಜನಸಂದಣಿಯ ಮೇಲೆ ಸಿಡಿಯಿತು. 80ಕ್ಕೂ ಹೆಚ್ಚು ಪ್ರೇಕ್ಷಕರೂ ಲವೆ ಅವರೂ ಸತ್ತರು. ಸ್ವಲ್ಪವೇ ಹಿಂದಿದ್ದ ಫ್ಯಾಂಜಿಯೊ ಕೂದಲೆಳೆಯಲ್ಲಿ ಪಾರಾದರು. ಕೊನೆಯ ಕ್ಷಣದಲ್ಲಿ ಲವೆ ಕೈಯೆತ್ತಿ ತಮ್ಮನ್ನು ಎಚ್ಚರಿಸಿದರೆಂದು ಅವರು ನಂಬಿದ್ದರು. ಆ ದುರಂತದ ಬಳಿಕ ಹಲವು ಗ್ರ್ಯಾನ್ ಪ್ರಿಗಳು ರದ್ದಾದವು. ವರ್ಷದ ಕೊನೆಗೆ ಮರ್ಸಿಡಿಸ್ ಓಟಗಳಿಂದ ಹಿಂದೆ ಸರಿಯಿತು. ಫ್ಯಾಂಜಿಯೊ ಮೂರನೆಯ ಬಾರಿ ಚಾಂಪಿಯನ್ ಆಗಿದ್ದರು.

ಫೆರಾರಿ (1956)

ಮುಂದಿನ ವರ್ಷ ಅವರು ಫೆರಾರಿ ತಂಡ ಸೇರಿದರು. ಅಲ್ಲಿ ಓಡಿಸಿದ್ದು ಲಾನ್ಸಿಯಾ ಕಂಪನಿ ರೂಪಿಸಿದ್ದ ಡಿ 50 ಕಾರು. ಲಾನ್ಸಿಯಾ ಹಣದ ಮುಗ್ಗಟ್ಟಿಗೆ ಸಿಲುಕಿ ಅದನ್ನು ಫೆರಾರಿಗೆ ಒಪ್ಪಿಸಿತ್ತು. ತಂಡದ ಮಾಲೀಕ ಎನ್ಜೊ ಫೆರಾರಿ ಅವರೊಂದಿಗೆ ಫ್ಯಾಂಜಿಯೊ ಅವರ ಸಂಬಂಧ ಹಿತವಾಗಿರಲಿಲ್ಲ. ತಮ್ಮ ಕಾರನ್ನು ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಪ್ರತ್ಯೇಕವಾಗಿ ಬೇಕೆಂದು ಅವರು ಋತುವಿನ ನಡುವೆ ಕೇಳಿ ಪಡೆಯಬೇಕಾಯಿತು.

ಮೊಂಜಾದ ಕೊನೆಯ ಓಟದಲ್ಲಿ ಫ್ಯಾಂಜಿಯೊ ಅವರ ಕಾರಿನ ಸ್ಟೀರಿಂಗ್ ಭಾಗ ಮುರಿಯಿತು. ಅಂದಿನ ನಿಯಮದಂತೆ ಒಬ್ಬ ಚಾಲಕ ತನ್ನ ಕಾರನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬಹುದಿತ್ತು. ತಂಡದ ಲುಯಿಜಿ ಮುಸ್ಸೊ ಒಪ್ಪಲಿಲ್ಲ. ತಮಗೂ ಚಾಂಪಿಯನ್ ಆಗುವ ಅವಕಾಶವಿದ್ದ 24 ವರ್ಷದ ಇಂಗ್ಲಿಷ್ ಚಾಲಕ ಪೀಟರ್ ಕಾಲಿನ್ಸ್ ತಾವಾಗಿಯೇ ಕಾರಿನಿಂದ ಇಳಿದು ಫ್ಯಾಂಜಿಯೊ ಅವರಿಗೆ ಒಪ್ಪಿಸಿದರು. ಫ್ಯಾಂಜಿಯೊ ಎರಡನೆಯವರಾಗಿ ಮುಗಿಸಿ ನಾಲ್ಕನೆಯ ಬಾರಿ ಚಾಂಪಿಯನ್ ಆದರು. ಕಾಲಿನ್ಸ್ ಅವರ ಈ ಔದಾರ್ಯವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಆ ವರ್ಷದ ಪ್ರಶಸ್ತಿಯನ್ನು ಕಾರು ಮತ್ತು ಚಾಲಕ ಎಂಬ ಎರಡೇ ಪಾಲುಗಳಾಗಿ ಹಂಚಲಾಗದು. ಜೊತೆಗಾರನ ಪಾಲೂ ಅದರಲ್ಲಿದೆ.

ಮಾಸೆರಾಟಿ ಮತ್ತು ನುರ್ಬರ್ಗ್‌ರಿಂಗ್ (1957)

1957ರಲ್ಲಿ ಫ್ಯಾಂಜಿಯೊ ಮಾಸೆರಾಟಿಗೆ ಮರಳಿದರು. 250ಎಫ್ ಕಾರು ಆ ಹೊತ್ತಿಗೆ ನಾಲ್ಕನೆಯ ಋತುವಿನಲ್ಲಿತ್ತು. ಅವರು ಅರ್ಜೆಂಟೀನಾ, ಮೊನಾಕೊ ಮತ್ತು ಫ್ರಾನ್ಸಿನ ಓಟಗಳನ್ನು ಗೆದ್ದು ಆಗಸ್ಟ್ 4ರಂದು ಜರ್ಮನಿಯ ನುರ್ಬರ್ಗ್‌ರಿಂಗ್‌ನಲ್ಲಿ ಕಣಕ್ಕಿಳಿದರು.

ಬೆಟ್ಟ ಕಾಡುಗಳ ನಡುವೆ ಹಾದುಹೋಗುವ ಆ ಪಥದ ಒಂದು ಸುತ್ತಿನ ಉದ್ದ 22.8 ಕಿಲೋಮೀಟರ್. ನೂರೈವತ್ತಕ್ಕೂ ಹೆಚ್ಚು ತಿರುವುಗಳಿದ್ದು, ಏರಿಳಿತದ ಅಂತರ ಸುಮಾರು 300 ಮೀಟರ್. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ರಸ್ತೆಯನ್ನು ಬಲ್ಲವರು ಅಂಥ ತಿರುವುಗಳು ಹತ್ತಾರು ಕಿಲೋಮೀಟರ್ ಬಿಡದೆ ಬರುವುದನ್ನು ಕಲ್ಪಿಸಿಕೊಂಡರೆ ಆ ಪಥದ ಸ್ವರೂಪ ತಿಳಿದೀತು. ಅದನ್ನು 22 ಬಾರಿ ಸುತ್ತಬೇಕಿತ್ತು.

ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್ ಇಂಧನ ಪೂರ್ತಿ ತುಂಬಿಕೊಂಡು ನಿಲ್ಲದೆ ಓಡುವ ಯೋಜನೆ ಹಾಕಿದ್ದರು. ಮಾಸೆರಾಟಿಯ ಟೈರುಗಳು ಅಷ್ಟು ದೂರ ಬಾಳುವಂತಿರಲಿಲ್ಲ. ಆದ್ದರಿಂದ ಫ್ಯಾಂಜಿಯೊ ಅರ್ಧ ಟ್ಯಾಂಕ್ ಇಂಧನದೊಂದಿಗೆ ಹಗುರವಾಗಿ ಹೊರಟು, ಮುನ್ನಡೆ ಗಳಿಸಿ, ನಡುವೆ ಒಮ್ಮೆ ನಿಂತು ಇಂಧನ ಮತ್ತು ಟೈರು ಪಡೆಯುವುದೆಂದು ನಿರ್ಧರಿಸಿದರು. 12ನೆಯ ಸುತ್ತಿನ ಕೊನೆಗೆ ಸುಮಾರು ಅರ್ಧ ನಿಮಿಷದ ಮುನ್ನಡೆಯಿಟ್ಟುಕೊಂಡು ಪಿಟ್‌ಗೆ ಬಂದರು. ಅಲ್ಲಿ ಕೆಲಸ ನಿಧಾನವಾಗಿ, ಹೊರಟಾಗ ಅವರು ಫೆರಾರಿಗಳಿಗಿಂತ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಹಿಂದೆ ಬಿದ್ದಿದ್ದರು.

ಬಳಿಕ ಅವರು ಸುತ್ತಿನಿಂದ ಸುತ್ತಿಗೆ ಪಥದ ದಾಖಲೆಯನ್ನು ಮುರಿಯುತ್ತಾ ಬಂದರು. ಸಾಮಾನ್ಯವಾಗಿ ಕೆಳಗಿನ ಗೇರಿನಲ್ಲಿ ದಾಟುವ ತಿರುವುಗಳನ್ನು ಮೇಲಿನ ಗೇರಿನಲ್ಲೇ ದಾಟಿದರು. ಹಿಂದಿನ ವರ್ಷ ಅವರೇ ಸ್ಥಾಪಿಸಿದ್ದ ದಾಖಲೆ 9 ನಿಮಿಷ 41.6 ಸೆಕೆಂಡು. ಈ ಬಾರಿ ಅರ್ಹತಾ ಸುತ್ತಿನಲ್ಲಿ ಅವರ ಸಮಯ 9 ನಿಮಿಷ 25.6 ಸೆಕೆಂಡು. ಓಟದ 20ನೆಯ ಸುತ್ತನ್ನು ಅವರು 9 ನಿಮಿಷ 17.4 ಸೆಕೆಂಡುಗಳಲ್ಲಿ ಮುಗಿಸಿದರು. 21ನೆಯ ಸುತ್ತಿನಲ್ಲಿ ಕಾಲಿನ್ಸ್ ಅವರನ್ನೂ ಹಾಥಾರ್ನ್ ಅವರನ್ನೂ ಹಿಂದಿಕ್ಕಿ 3.6 ಸೆಕೆಂಡುಗಳ ಅಂತರದಲ್ಲಿ ಗೆದ್ದರು. ಅಂದು ಮಾಸೆರಾಟಿ ತಂಡದ ಜಾನ್ ಬೆಹ್ರಾ ಮತ್ತು ಹ್ಯಾರಿ ಶೆಲ್ ಅದೇ ಮಾದರಿಯ ಕಾರುಗಳಲ್ಲಿ ಆರನೆಯ ಮತ್ತು ಏಳನೆಯ ಸ್ಥಾನ ಪಡೆದರು.

ಈ ಗೆಲುವಿನಿಂದ 46 ವರ್ಷದ ಫ್ಯಾಂಜಿಯೊ ಐದನೆಯ ಬಾರಿ ಚಾಂಪಿಯನ್ ಆದರು. ಅತ್ಯಂತ ಹಿರಿಯ ವಯಸ್ಸಿನ ವಿಶ್ವ ಚಾಂಪಿಯನ್ ಎಂಬ ದಾಖಲೆ ಇಂದಿಗೂ ಅವರದೇ. ಇದು ಅವರ ಕೊನೆಯ ಗ್ರ್ಯಾನ್ ಪ್ರಿ ಗೆಲುವೂ ಆಯಿತು. ಅಂದು ತಾವು ತಮ್ಮ ಮಿತಿಯನ್ನು ಮೀರಿ ಓಡಿಸಿದ್ದು ಅವರಿಗೆ ತಿಳಿದಿತ್ತು. ಆ ಬಗೆಯಲ್ಲಿ ಮತ್ತೆಂದೂ ಕಾರು ಓಡಿಸುವ ಇಚ್ಛೆ ತಮಗಿಲ್ಲವೆಂದು ಅವರು ಮುಂದೆ ಹೇಳಿಕೊಂಡಿದ್ದರು.

ಅಪಹರಣ ಮತ್ತು ನಿವೃತ್ತಿ

1958ರ ಫೆಬ್ರವರಿ 23ರಂದು ಕ್ಯೂಬಾದ ಹವಾನಾದಲ್ಲಿ ಫಿಡೆಲ್ ಕ್ಯಾಸ್ಟ್ರೊ ಅವರ ಚಳವಳಿಗೆ ಸೇರಿದವರು ಫ್ಯಾಂಜಿಯೊ ಅವರನ್ನು ಹೋಟೆಲಿನಿಂದ ಅಪಹರಿಸಿದರು. ಬಟಿಸ್ಟಾ ಸರ್ಕಾರ ಏರ್ಪಡಿಸಿದ್ದ ಓಟಕ್ಕೆ ಮುಖಭಂಗ ಮಾಡಿ ಜಗತ್ತಿನ ಗಮನ ಸೆಳೆಯುವುದು ಅವರ ಉದ್ದೇಶವಾಗಿತ್ತು. ಮರುದಿನ ಫ್ಯಾಂಜಿಯೊ ಇಲ್ಲದೆಯೇ ನಡೆದ ಓಟದಲ್ಲಿ ಕಾರೊಂದು ಜನರ ಮೇಲೆ ಹರಿದು ಹಲವರು ಸತ್ತರು. ಓಟ ಮುಗಿದ ಬಳಿಕ ಫ್ಯಾಂಜಿಯೊ ಅವರನ್ನು ಅರ್ಜೆಂಟೀನಾದ ರಾಯಭಾರಿಗೆ ಒಪ್ಪಿಸಲಾಯಿತು. ಅಪಹರಿಸಿದವರು ತಮ್ಮನ್ನು ಚೆನ್ನಾಗಿಯೇ ನೋಡಿಕೊಂಡರೆಂದು ಅವರು ತಿಳಿಸಿದರು.

1958ರ ಜುಲೈ 6ರಂದು ರೀಮ್ಸ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿ ಅವರ ಕೊನೆಯ ಓಟ. ಯುರೋಪಿನಲ್ಲಿ ಓಟ ಆರಂಭಿಸಿದ ಊರಿನಲ್ಲೇ ಅದನ್ನು ಮುಗಿಸಿದರು. ಓಟದ ಮುಂಚೂಣಿಯಲ್ಲಿದ್ದ ಹಾಥಾರ್ನ್, ಒಂದು ಸುತ್ತು ಹಿಂದೆ ಬೀಳುವ ಹಂತದಲ್ಲಿದ್ದ ಫ್ಯಾಂಜಿಯೊ ಅವರನ್ನು ಗೌರವದಿಂದ ದಾಟದೆ ಹಿಂದೆಯೇ ಉಳಿದರು. ಫ್ಯಾಂಜಿಯೊ ನಾಲ್ಕನೆಯವರಾದರು. ಅದೇ ಓಟದಲ್ಲಿ ಲುಯಿಜಿ ಮುಸ್ಸೊ ಸತ್ತರು. ಮುಂದಿನ ತಿಂಗಳು ಕಾಲಿನ್ಸ್ ನುರ್ಬರ್ಗ್‌ರಿಂಗ್‌ನಲ್ಲಿ ಮೃತಪಟ್ಟರು. 1959ರ ಜನವರಿಯಲ್ಲಿ ಹಾಥಾರ್ನ್ ರಸ್ತೆ ಅಪಘಾತಕ್ಕೆ ಬಲಿಯಾದರು. ಅಸ್ಕಾರಿ 1955ರಲ್ಲೇ ತೀರಿಕೊಂಡಿದ್ದರು. ಸೀಟ್ ಬೆಲ್ಟ್ ಇಲ್ಲದ ಆ ಕಾಲದಲ್ಲಿ ಬದುಕಿ ಉಳಿದದ್ದೂ ಫ್ಯಾಂಜಿಯೊ ಅವರ ಕೌಶಲದ ಒಂದು ಅಳತೆಯೆಂದು ಹಲವರು ಭಾವಿಸುತ್ತಾರೆ.

ಅಂಕಿಅಂಶಗಳು

ಫ್ಯಾಂಜಿಯೊ ವಿಶ್ವ ಚಾಂಪಿಯನ್‌ಶಿಪ್‌ನ 51 ಓಟಗಳಲ್ಲಿ ಓಡಿ 24ರಲ್ಲಿ ಗೆದ್ದರು. ಅಂದರೆ ಹೆಚ್ಚುಕಡಿಮೆ ಎರಡು ಓಟಗಳಿಗೊಂದು ಗೆಲುವು. 29 ಬಾರಿ ಅರ್ಹತಾ ಸುತ್ತಿನಲ್ಲಿ ಅತಿ ವೇಗದ ಚಾಲಕರಾಗಿ ಮೊದಲ ಸ್ಥಾನದಿಂದ ಓಟ ಆರಂಭಿಸಿದರು. ಅವರ ಗೆಲುವುಗಳು ತಯಾರಕರ ಪ್ರಕಾರ ಹೀಗಿವೆ:

- ಆಲ್ಫಾ ರೋಮಿಯೊ: 6
- ಮಾಸೆರಾಟಿ: 7
- ಮರ್ಸಿಡಿಸ್-ಬೆಂಜ್: 8
- ಫೆರಾರಿ: 3

ಕಾರಿನ ಬಲ ಮತ್ತು ಚಾಲಕನ ಕೌಶಲ

ಫ್ಯಾಂಜಿಯೊ ಅವರ ಸಾಧನೆಯ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಅವರು ಯಾವಾಗಲೂ ಆ ಕಾಲದ ಉತ್ತಮ ಕಾರನ್ನೇ ಓಡಿಸಿದರು, ತಂಡದ ಮುಖ್ಯ ಚಾಲಕರಾಗಿದ್ದರಿಂದ ಜೊತೆಗಾರರ ಕಾರುಗಳೂ ಅವರಿಗೆ ದೊರೆಯುತ್ತಿದ್ದವು ಎಂಬುದು ಒಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಅವರ 24 ಗೆಲುವುಗಳಲ್ಲಿ ಎರಡು, 1951ರ ಫ್ರಾನ್ಸ್ ಮತ್ತು 1956ರ ಅರ್ಜೆಂಟೀನಾ ಓಟಗಳು, ಜೊತೆಗಾರರ ಕಾರನ್ನು ನಡುವೆ ಪಡೆದು ಗೆದ್ದಂಥವು. ಆಲ್ಫಾ ಮತ್ತು ಮರ್ಸಿಡಿಸ್ ಕಾರುಗಳು ಎದುರಾಳಿಗಳಿಗಿಂತ ಮುಂದಿದ್ದುದೂ ನಿಜ.

ಆದರೆ ಕಾರು ಸಮವಾಗಿದ್ದಾಗಿನ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಡಬ್ಲ್ಯು 196 ಕಾರು 12 ಗ್ರ್ಯಾನ್ ಪ್ರಿಗಳಲ್ಲಿ ಓಡಿ 9ರಲ್ಲಿ ಗೆದ್ದಿತು. ಅದರಲ್ಲಿ 8 ಗೆಲುವು ಫ್ಯಾಂಜಿಯೊ ಅವರದು. 1957ರಲ್ಲಿ ಮಾಸೆರಾಟಿ ಗೆದ್ದ ನಾಲ್ಕೂ ವಿಶ್ವ ಚಾಂಪಿಯನ್‌ಶಿಪ್ ಓಟಗಳು ಫ್ಯಾಂಜಿಯೊ ಅವರವು. ಅದೇ ಕಾರನ್ನು ಓಡಿಸಿದ ಉಳಿದವರು ಒಂದನ್ನೂ ಗೆಲ್ಲಲಿಲ್ಲ. 1954ರಲ್ಲಂತೂ ಒಂದೇ ಋತುವಿನಲ್ಲಿ ಎರಡು ಕಂಪನಿಗಳ ಕಾರುಗಳಲ್ಲಿ ಗೆದ್ದರು. ಒಂದೇ ತಂಡದ ಇಬ್ಬರನ್ನು ಹೋಲಿಸುವುದು, ಚಾಲಕ ತಂಡ ಬದಲಿಸಿದಾಗ ಏನಾಗುತ್ತದೆಂದು ನೋಡುವುದು ಎಂಬ ಎರಡೂ ಪರೀಕ್ಷೆಗಳಲ್ಲಿ ಅವರು ಗೆಲ್ಲುತ್ತಾರೆ.

ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1950ರಿಂದ 2014ರವರೆಗಿನ ಎಲ್ಲ ಫಲಿತಾಂಶಗಳನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ವಿಶ್ಲೇಷಿಸಿ 2016ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಫಲಿತಾಂಶದ ಮೇಲೆ ತಂಡದ ಪ್ರಭಾವ ಚಾಲಕನ ಪ್ರಭಾವಕ್ಕಿಂತ ಬಹುಪಾಲು ಹೆಚ್ಚೆಂದೂ, ಕಾಲ ಕಳೆದಂತೆ ಅದು ಬೆಳೆದಿದೆಯೆಂದೂ, ಮಳೆಯಲ್ಲಿ ಮತ್ತು ನಗರದ ಬೀದಿಗಳ ಪಥಗಳಲ್ಲಿ ಚಾಲಕನ ಪಾಲು ಹೆಚ್ಚುತ್ತದೆಂದೂ ಅದು ಕಂಡುಕೊಂಡಿತು. ಕಾರಿನ ಪ್ರಭಾವವನ್ನು ಕಳೆದು ನೋಡಿದಾಗ ಚಾಲಕರ ಪಟ್ಟಿಯಲ್ಲಿ ಮೊದಲು ಬಂದ ಹೆಸರು ಫ್ಯಾಂಜಿಯೊ ಅವರದು.

ತಂಡದ ಪ್ರಭಾವಕ್ಕೆ ಭಾರತೀಯರಿಗೆ ಪರಿಚಿತವಾದ ಉದಾಹರಣೆ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹಮಾಲೀಕರಾಗಿದ್ದ ಫೋರ್ಸ್ ಇಂಡಿಯಾ ತಂಡದ್ದು. 2009ರ ಬೆಲ್ಜಿಯನ್ ಗ್ರ್ಯಾನ್ ಪ್ರಿಯಲ್ಲಿ ಆ ತಂಡದ ಜಿಯಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಹೊರಟು ಎರಡನೆಯವರಾಗಿ ಮುಗಿಸಿದರು. ಮುಂದಿನ ಓಟಕ್ಕೇ ಅವರು ಹೆಸರಾಂತ ಫೆರಾರಿ ತಂಡಕ್ಕೆ ಹೋದರು. ಉಳಿದ ಐದು ಓಟಗಳಲ್ಲಿ ಒಂದು ಅಂಕವನ್ನೂ ಗಳಿಸಲಾಗಲಿಲ್ಲ. ಚಾಲಕ ಅವರೇ ಆಗಿದ್ದರೂ ಹೊಸ ಕಾರಿನ ಗುಣಕ್ಕೆ ಒಗ್ಗಿಕೊಳ್ಳಲು ಅವರಿಗೆ ಸಮಯ ಸಿಗಲಿಲ್ಲ. ಫ್ಯಾಂಜಿಯೊ ಹೋದೆಡೆಯಲ್ಲೆಲ್ಲ ಕೂಡಲೇ ಗೆದ್ದುದರ ಹಿರಿಮೆ ಇಂಥ ಹೋಲಿಕೆಯಿಂದ ತಿಳಿಯುತ್ತದೆ. ಬಾಲ್ಕಾರ್ಸೆಯ ಗ್ಯಾರೇಜಿನಲ್ಲಿ ಕಲಿತ ಯಂತ್ರಜ್ಞಾನದಿಂದ ಅವರು ಯಾವ ಕಾರಿನ ಸ್ವಭಾವವನ್ನೂ ಬೇಗ ಅರಿತುಕೊಳ್ಳುತ್ತಿದ್ದರು. ಅವರ ಮಟ್ಟಿಗೆ ಕಾರನ್ನು ಅರಿಯುವುದೂ ಕೌಶಲದ ಭಾಗವಾಗಿತ್ತು.

ಕೊನೆಯ ದಿನಗಳು ಮತ್ತು ಸ್ಮರಣೆ

ನಿವೃತ್ತಿಯ ಬಳಿಕ ಫ್ಯಾಂಜಿಯೊ ಅರ್ಜೆಂಟೀನಾದಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳ ವ್ಯವಹಾರದಲ್ಲಿ ತೊಡಗಿದರು. 1974ರಲ್ಲಿ ಆ ಕಂಪನಿಯ ಅರ್ಜೆಂಟೀನಾ ಶಾಖೆಯ ಅಧ್ಯಕ್ಷರಾದರು. 1986ರಲ್ಲಿ ಬಾಲ್ಕಾರ್ಸೆಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಅವರು ಓಡಿಸಿದ ಕಾರುಗಳೂ ಗೆದ್ದ ಪಾರಿತೋಷಕಗಳೂ ಅಲ್ಲಿವೆ. ಅದೇ ಊರಿನ ಓಟದ ಪಥಕ್ಕೂ ಅವರ ಹೆಸರಿಡಲಾಗಿದೆ.

ಫ್ಯಾಂಜಿಯೊ 1995ರ ಜುಲೈ 17ರಂದು ಬ್ಯೂನಸ್ ಐರಿಸ್‌ನಲ್ಲಿ 84ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಅಂತ್ಯಸಂಸ್ಕಾರ ಬಾಲ್ಕಾರ್ಸೆಯಲ್ಲಿ ನಡೆಯಿತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ, 40 ವರ್ಷಗಳ ಹಿಂದೆ ಅದೇ ಮಾದರಿಯ ಕಾರಿನಲ್ಲಿ ಅವರನ್ನು ಹಿಂಬಾಲಿಸುತ್ತಿದ್ದ ಸ್ಟರ್ಲಿಂಗ್ ಮಾಸ್ ಒಬ್ಬರು.